ಹಳೇ ಲಾರಿಯ ತುಕ್ಕು ಹಿಡಿದ ತಗಡಿಗೆ ನೀವೇ ಪ್ಯಾಚ್ ಹಾಕುದು ಹೇಗೆ: ವೆಲ್ಡಿಂಗ್ ಹೊಸತಾಗಿ ಕಲಿಯುವವರಿಗೆ

ಮಳೆಗಾಲ ಮುಗಿದು ಗಾಡಿ ತೊಳ್ದು ಅಂಗಳದಲ್ಲಿ ನಿಲ್ಸಿದ ಕೂಡ್ಲೇ ಎಲ್ರದ್ದೂ ಒಂದೇ ಪ್ರಶ್ನೆ. ನಮ್ಮ ಕಾಸರಗೋಡು ಕಡೆಯ ಕುಂಬಳೆಯವ್ರಾಗ್ಲಿ ಬದಿಯಡ್ಕ, ಮುಳ್ಳೇರಿಯದವ್ರಾಗ್ಲಿ ಕೇಳುದು ಇದೇ: ನಮ್ಮಲ್ಲಿ ಹಳೇ ಟಾಟಾ 407 ಲಾರಿ ಒಂದುಂಟು, ಇಂಜಿನ್‌ಗೆ ಎಂತದೂ ಆಗ್ಲಿಲ್ಲ, ಆದ್ರೆ ಕ್ಯಾಬಿನ್‌ನ ಅಡಿ ತಗಡು ಪುಡಿ ಆಗಿ ಕಾಲಡಿಯಲ್ಲಿ ರೋಡ್ ಕಾಣ್ತದೆ, ಒಂದು ಸಣ್ಣ ಮಿಷಿನ್ ತೆಗೊಂಡು ನಾವೇ ವೆಲ್ಡ್ ಮಾಡ್ಲಿಕ್ಕೆ ಆಗ್ತದಾ?

ಆಗ್ತದೆ. ಆದ್ರೆ ಗೇಟಿಗೆ, ಕಿಟಕಿ ಸರಳಿಗೆ ವೆಲ್ಡ್ ಮಾಡುದು ಬೇರೆ, ತುಕ್ಕು ಹಿಡಿದ ಗಾಡಿ ತಗಡಿಗೆ ಮಾಡುದು ಬೇರೆ. ಇಲ್ಲಿ ವೆಲ್ಡಿಂಗ್ ಅನ್ನುದು ಒಟ್ಟು ಕೆಲಸದ ಸಣ್ಣ ಪಾಲು, ಒಳ್ಳೆ ತಗಡು ಎಲ್ಲಿಂದ ಶುರು ಆಗ್ತದೆ ಅಂತ ಹುಡುಕಿ ಅಲ್ಲಿವರೆಗೆ ಕತ್ತರಿಸುವ ಧೈರ್ಯ ಉಂಟಲ್ಲ, ಅದೇ ಮುಕ್ಕಾಲು ಕೆಲಸ. ಮತ್ತೆ ಸಪೂರ ತಗಡಿಗೆ ಗೆರೆ ಎಳೆದ ಹಾಗೆ ವೆಲ್ಡ್ ಮಾಡುದೇ ಇಲ್ಲ, ಚುಕ್ಕಿ ಚುಕ್ಕಿ ಹಾಕಿ ಚುಕ್ಕಿಗಳನ್ನು ಸೇರಿಸುದು. ಈ ಎರಡು ವಿಷಯ ತಲೆಗೆ ಹೋದ್ರೆ ಉಳಿದದ್ದು ಕೈಗೆ ಅಭ್ಯಾಸ ಆಗುವ ಸಂಗತಿ.

ನಮ್ಮಲ್ಲಿ ತುಕ್ಕು ಇಷ್ಟು ಜೋರು ಯಾಕೆ ಅಂದ್ರೆ ಕಾರಣ ಎಲ್ರಿಗೂ ಗೊತ್ತುಂಟು. ಕಡಲಿನ ಉಪ್ಪು ಗಾಳಿ, ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ. ಅದ್ರ ಮೇಲೆ ಕೆಂಪುಕಲ್ಲು ಲೋಡ್ ಮಾಡುವ ಗಾಡಿಗೆ ಮಡ್‌ಗಾರ್ಡ್ ಒಳಗೆ ಕೆಂಪು ಮಣ್ಣು ಹಿಡ್ಕೊಂಡು ತಿಂಗಳುಗಟ್ಲೆ ಚಂಡಿ ಇರ್ತದೆ, ಮೀನಿನ ಗಾಡಿಯಾದ್ರೆ ಐಸ್ ಕರಗಿದ ಉಪ್ಪು ನೀರು ಬಾಡಿಯ ಜಾಯಿಂಟ್ ಜಾಯಿಂಟಿಗೆ ಇಳೀತದೆ. ಹಾಗಾಗಿ ಒಂದು ಜಾಗದಲ್ಲಿ ತೂತು ಕಂಡ್ರೆ ಇನ್ನು ನಾಲ್ಕು ಜಾಗ ಕಾಣದೆ ತೂತಾಗಿರ್ತದೆ ಅಂತ ಲೆಕ್ಕ ಹಾಕಿ.

ಶುರು ಮಾಡುವ ಮೊದ್ಲು: ಮುಟ್ಬಾರದ ಜಾಗ

ಚಾಸಿಸ್‌ಗೆ ಕೈ ಹಾಕ್ಬೇಡಿ. ಚಾಸಿಸ್ ಅಂದ್ರೆ ಅಡಿಯಲ್ಲಿ ಉದ್ದಕ್ಕೆ ಹೋಗುವ ಆ ಎರಡು ದಪ್ಪ ಪಟ್ಟಿ, ಅದ್ರಲ್ಲಿ ಸಿಕ್ಕಿದಲ್ಲಿ ವೆಲ್ಡ್ ಹಾಕಿದ್ರೆ ವೆಲ್ಡ್ ಗಟ್ಟಿ ಕೂತ್ರೂ ಅದ್ರ ಪಕ್ಕದ ಲೋಹ ಬಿಸಿಗೆ ಗುಣ ಬದಲಿ ಲೋಡ್ ಬಿದ್ದಾಗ ಅಲ್ಲೇ ಕ್ರ್ಯಾಕ್ ಬಿಡ್ತದೆ. ಹಾಗೇ ಸ್ಪ್ರಿಂಗ್ ಬ್ರಾಕೆಟ್, ಸ್ಟೇರಿಂಗ್ ಬಾಕ್ಸ್ ಕೂತ ಜಾಗ, ಕ್ಯಾಬಿನ್ ಮೌಂಟಿಂಗ್, ಸೀಟ್ ಬೆಲ್ಟ್ ಬೋಲ್ಟ್ ಇರುವ ಜಾಗ, ಇದೆಲ್ಲ ಕಲಿಯುವವ್ರ ಕೆಲಸ ಅಲ್ಲ, ಅನುಭವ ಇದ್ದ ಬಾಡಿ ವರ್ಕ್‌ಶಾಪಿಗೇ ಕೊಡಿ. 8 ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷ ವರ್ಷ ಫಿಟ್‌ನೆಸ್‌ಗೆ ಹೋಗ್ಲಿಕ್ಕೆ ಉಂಟು, ಅಲ್ಲಿ ಚಾಸಿಸ್ ಮೇಲೆ ಮನೆಯಲ್ಲಿ ಹಾಕಿದ ವೆಲ್ಡ್ ಕಂಡ್ರೆ ತಲೆಬಿಸಿ ನಿಮ್ಗೇ. ನಿಮ್ಮ ಪಾಲಿಗೆ ಕ್ಯಾಬಿನ್ ಅಡಿ, ಫುಟ್‌ಬೋರ್ಡ್, ಬಾಗಿಲಿನ ಕೆಳಗಿನ ಅಂಚು, ಮಡ್‌ಗಾರ್ಡ್, ಲೋಡ್ ಬಾಡಿಯ ಬದಿ ತಗಡು ಇಷ್ಟುಂಟು, ಕಲೀಲಿಕ್ಕೆ ಧಾರಾಳ.

ಎಂತೆಲ್ಲ ಬೇಕು

ಮಿಷಿನ್ ವಿಷಯವೇ ಎಲ್ರೂ ಮೊದ್ಲು ಕೇಳುದು. ಎರಡು ದಾರಿ ಉಂಟು.

ಒಂದು, ಆರ್ಕ್ ವೆಲ್ಡಿಂಗ್, ಅಂದ್ರೆ ನಮ್ಮ ಊರಲ್ಲಿ ಎಲ್ಲ ಕಡೆ ಕಾಣುವ ರಾಡ್ ಹಿಡ್ಕೊಂಡು ಮಾಡುವ ವೆಲ್ಡಿಂಗ್. ಸಣ್ಣ ಇನ್ವರ್ಟರ್ ಮಿಷಿನ್ ಕಮ್ಮಿಗೆ ಸಿಗ್ತದೆ, ಹೊತ್ಕೊಂಡು ಹೋಗ್ಲಿಕ್ಕೂ ಹಗುರ. ಆದ್ರೆ ಕ್ಯಾಬಿನ್ ತಗಡು ಹೊಸತಿರುವಾಗ್ಲೇ 0.8ರಿಂದ 1.2 ಮಿಲಿಮೀಟರ್ ದಪ್ಪ, ತುಕ್ಕು ತಿಂದ ಮೇಲೆ ಇನ್ನೂ ಸಪೂರ, ಅದಕ್ಕೆ ರಾಡ್ ಇಟ್ಟ ಕೂಡ್ಲೇ ತೂತು. ಮಾಡ್ಲೇಬೇಕು ಅಂತಿದ್ರೆ 2 ಮಿಲಿಮೀಟರಿನ 6013 ರಾಡ್ ತೆಗೊಳ್ಳಿ, 40ರಿಂದ 60 ಆಂಪ್ಸ್ ಒಳಗೆ ಇಡಿ, ರಾಡ್ ಹಿಡಿಯುವ ಹೋಲ್ಡರ್ ನೆಗೆಟಿವ್‌ಗೆ, ತಗಡಿಗೆ ಕಚ್ಚಿಸುವ ಅರ್ಥ್ ಕ್ಲಾಂಪ್ ಪಾಸಿಟಿವ್‌ಗೆ ಹಾಕಿ, ತೂತು ಬೀಳುದು ಸ್ವಲ್ಪ ಕಮ್ಮಿ ಆಗ್ತದೆ. ಲೋಡ್ ಬಾಡಿಯ ದಪ್ಪ ತಗಡಿಗೆ ಇದು ಸಾಕು. ಕ್ಯಾಬಿನ್‌ಗೆ ನಾನು ಶಿಫಾರಸು ಮಾಡುದಿಲ್ಲ.

ಇನ್ನೊಂದು ಮಿಗ್, ಕೆಲವ್ರು ಸಿಒಟು (ಕಾರ್ಬನ್ ಡೈಆಕ್ಸೈಡ್) ವೆಲ್ಡಿಂಗ್ ಅಂತಾರೆ. ಇದ್ರಲ್ಲಿ ರಾಡಿನ ಬದಲು ಸುರುಳಿ ಸುತ್ತಿದ ಸಪೂರ ತಂತಿ ಟ್ರಿಗರ್ ಒತ್ತಿದಷ್ಟು ಹೊತ್ತು ತಾನೇ ಬರ್ತಾ ಇರ್ತದೆ, ಸುತ್ತ ಗ್ಯಾಸ್ ಬಂದು ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ನೋಡ್ಕೊಳ್ತದೆ. ಸಪೂರ ತಗಡಿಗೆ, ಹೊಸಬರಿಗೆ ಇದೇ ಸರಿ. 0.8 ಮಿಲಿಮೀಟರ್ ತಂತಿ ಹಾಕಿ, 0.6 ಸಿಕ್ಕಿದ್ರೆ ಇನ್ನೂ ಒಳ್ಳೇದು. ಗ್ಯಾಸ್ ಬರೀ ಸಿಒಟು ಆದ್ರೂ ಆಗ್ತದೆ, ಆರ್ಗಾನ್ ಬೆರೆಸಿದ್ದಾದ್ರೆ ಸಿಡಿಯುದು ಕಮ್ಮಿ.

ಗ್ಯಾಸ್ ಬೇಡ ಅನ್ನುವ ಫ್ಲಕ್ಸ್ ತಂತಿಯೂ ಉಂಟು, ಗ್ಯಾಸ್ ಮಾಡುವ ಕೆಲಸಕ್ಕೆ ಮದ್ದು ತಂತಿಯ ಹೊಟ್ಟೆಯಲ್ಲೇ ತುಂಬಿಸಿರ್ತದೆ. ಸಿಲಿಂಡರಿನ ರಗಳೆ ಇಲ್ಲ, ಆದ್ರೆ ಹೊಗೆ ಜಾಸ್ತಿ, ಸಿಡಿಯುದು ಜಾಸ್ತಿ, ತಗಡು ತೂತಾಗುದೂ ಜಾಸ್ತಿ. ಮತ್ತೆ ಇಲ್ಲಿ ತುಂಬ ಜನ ಎಡವುದು ಎಲ್ಲಿ ಅಂದ್ರೆ, ಗ್ಯಾಸ್ ಹಾಕುವ ಮಾಮೂಲಿ ತಂತಿಗೆ ಟಾರ್ಚ್ (ತಂತಿ ಹೊರಗೆ ಬರುವ, ಟ್ರಿಗರ್ ಇರುವ ಹಿಡಿ) ಪಾಸಿಟಿವ್‌ಗೆ ಇರ್ಬೇಕು, ಫ್ಲಕ್ಸ್ ತಂತಿಗೆ ಟಾರ್ಚ್ ನೆಗೆಟಿವ್‌ಗೆ, ಅದನ್ನು ಬದಲಿಸದೆ ಹಾಕಿ ಮಿಷಿನ್ ಸರಿ ಇಲ್ಲ ಅಂತ ಅಂಗಡಿಯವ್ನ ಹತ್ರ ಜಗಳಕ್ಕೆ ಹೋಗ್ತಾರೆ.

ಕರೆಂಟಿಗೆ 16 ಆಂಪ್ಸ್‌ನ ದೊಡ್ಡ ಸಾಕೆಟ್ ಬೇಕು, ಅರ್ಥಿಂಗ್ ಸರಿ ಇರ್ಬೇಕು. ಎಕ್ಸ್‌ಟೆನ್ಶನ್ ವಯರ್ ಕನಿಷ್ಠ 2.5 ಸ್ಕ್ವೇರ್ ಎಂಎಂ ತಾಮ್ರದ್ದು, ಸುರುಳಿ ಪೂರ್ತಿ ಬಿಚ್ಚಿ ನೆಲಕ್ಕೆ ಹಾಕಿ, ಸುತ್ತಿಟ್ಟೇ ಓಡ್ಸಿದ್ರೆ ಬಿಸಿ ಆಗಿ ವಯರ್ ಕರಗ್ತದೆ.

ಉಳಿದದ್ದು: 4 ಇಂಚಿನ ಗ್ರೈಂಡರ್, 1 ಮಿಲಿಮೀಟರಿನ ಕಟ್ಟಿಂಗ್ ವೀಲ್, 60 ಅಥವಾ 80 ಗ್ರಿಟ್ಟಿನ ಫ್ಲಾಪ್ ಡಿಸ್ಕ್ (ಮರಳು ಕಾಗದದ ಎಸಳು ಅಂಟಿಸಿದ ಉಜ್ಜುವ ಚಕ್ರ), ತಂತಿ ಬ್ರಶ್, ಗುಂಡು ತಲೆಯ ಸುತ್ತಿಗೆ, ತಗಡು ಕತ್ತರಿ, ಹಿಡಿಯುವ ಲಾಕ್ ಪ್ಲೇಯರ್ ಮೂರು ನಾಲ್ಕು, ಮ್ಯಾಗ್ನೆಟ್. ಮತ್ತೆ ಒಂದು ತುಂಡು ತಾಮ್ರದ ಪೈಪು, ಎಸಿ ರಿಪೇರಿಯವ್ರ ಹತ್ರ ಕೇಳಿದ್ರೆ ಕೊಡ್ತಾರೆ, ಅದನ್ನು ಬಡಿದು ಚಪ್ಪಟೆ ಮಾಡಿ ಇಟ್ಕೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೇನೆ.

ಹಂತ 1: ಕಣ್ಣು, ಮೈ, ಗಾಡಿ ಮೂರನ್ನೂ ಕಾಪಾಡ್ಕೊಳ್ಳಿ

ಹೆಲ್ಮೆಟ್ ತಾನೇ ಕಪ್ಪಾಗುವ ಗ್ಲಾಸಿನದ್ದು ತೆಗೊಳ್ಳಿ, ಈ ಕೆಲಸಕ್ಕೆ 10 ನಂಬರಿನ ಕಪ್ಪು ಸಾಕು. ಕೂಲಿಂಗ್ ಗ್ಲಾಸ್ ಹಾಕಿ ಅಥವಾ ಕಣ್ಣು ಮುಚ್ಚಿ ಒಂದೇ ಒಂದು ಚುಕ್ಕಿ ಹಾಕ್ತೇನೆ ಅನ್ನುವವ್ರನ್ನು ನೋಡಿ ಕಲೀಬೇಡಿ. ಆ ಬೆಳಕಿನಲ್ಲಿ ಇರುವ ಯುವಿ ಕಿರಣ ಕಣ್ಣಿನ ಮೇಲ್ಪದರ ಸುಡ್ತದೆ, ಆಗ ಗೊತ್ತಾಗುದಿಲ್ಲ, ರಾತ್ರಿ ಮಲಗುವ ಹೊತ್ತಿಗೆ ಚುಚ್ಚಿ ಉರಿದು ನೀರು ಸುರೀತದೆ. ಬಟಾಟೆ ಹೋಳು ಇಡುದು, ಎದೆಹಾಲು ಬಿಡುದು ಅಂತೆಲ್ಲ ಹೇಳ್ತಾರೆ, ಅದೆಲ್ಲ ಬೇಡ, ಕಣ್ಣಿನ ಡಾಕ್ಟ್ರ ಹತ್ರ ಹೋಗಿ. ಅಂಗಳದಲ್ಲಿ ನಿಂತು ನೋಡುವ ಮಕ್ಕಳನ್ನು ಒಳಗೆ ಕಳ್ಸಿ, ಅವ್ರ ಕಣ್ಣಿಗೂ ಅದೇ ಗತಿ.

ಲುಂಗಿ, ಪಾಲಿಯೆಸ್ಟರ್ ಟ್ರ್ಯಾಕ್ ಪ್ಯಾಂಟ್, ಹವಾಯಿ ಚಪ್ಪಲಿ ಮೂರೂ ಬೇಡ. ದಪ್ಪ ಕಾಟನ್ ಪ್ಯಾಂಟು, ಉದ್ದ ಕೈಯ ಅಂಗಿ, ಚರ್ಮದ ಗ್ಲೌಸ್, ಶೂ. ಬೆವರಿದ ಕೈಯಲ್ಲಿ, ಚಂಡಿ ನೆಲದಲ್ಲಿ ಕೂತು ಹೋಲ್ಡರ್ ಮುಟ್ಟಿದ್ರೆ ಶಾಕ್ ಹೊಡೀತದೆ, ಅಡಿಗೆ ಒಣ ಹಲಗೆಯೋ ರಬ್ಬರ್ ಮ್ಯಾಟೋ ಹಾಕಿ ಕೂತ್ಕೊಳ್ಳಿ.

ಗಾಡಿಯ ಬ್ಯಾಟರಿ ಕನೆಕ್ಷನ್ ತೆಗೀರಿ, ಇಲ್ಲದ್ರೆ ಆಲ್ಟರ್ನೇಟರ್‌ನ ಡಯೋಡ್ ಹೋಗ್ತದೆ. ಸೀಟು, ಮ್ಯಾಟ್, ವಯರಿಂಗ್, ಬ್ರೇಕಿನ ರಬ್ಬರ್ ಹೋಸ್ ಹತ್ರ ಇದ್ರೆ ತೆಗೀರಿ, ಆಗದಿದ್ರೆ ಚಂಡಿ ಗೋಣಿ ಮುಚ್ಚಿ. ಡೀಸೆಲ್ ಟ್ಯಾಂಕ್ ಹತ್ರ ಕೆಲಸ ಇದ್ರೆ ಟ್ಯಾಂಕ್ ಬಿಚ್ಚಿ ದೂರ ಇಡ್ಲೇಬೇಕು. ಖಾಲಿ ಟ್ಯಾಂಕಿಗೆ ಎಂತ ಆಗ್ತದೆ ಅಂತ ಅದಕ್ಕೇ ವೆಲ್ಡ್ ಹಾಕ್ಲಿಕ್ಕೆ ಹೋಗ್ಬೇಡಿ, ಒಳಗಿನ ಆವಿಯೇ ಸಿಡಿಯುದು. ಹಳೇ ಎಣ್ಣೆ ಡ್ರಮ್ಮಿನದ್ದೂ ಅದೇ ಕಥೆ, ಪ್ಯಾಚಿಗೆ ತಗಡು ಬೇಕು ಅಂತ ಅದನ್ನು ಗ್ರೈಂಡರ್ ಹಿಡಿದು ಕತ್ತರಿಸ್ಬೇಡಿ.

ಪಕ್ಕದಲ್ಲಿ ಎರಡು ಬಕೆಟ್ ನೀರು, ಇದ್ರೆ ಬೆಂಕಿ ಆರಿಸುವ ಒಂದು ಡ್ರೈ ಪೌಡರ್ ಸಿಲಿಂಡರ್. ಕೆಲಸ ಮುಗ್ಸಿ ಚಾ ಕುಡೀಲಿಕ್ಕೆ ಹೋದ ಮೇಲೆಯೇ ಹೆಚ್ಚಿನ ಬೆಂಕಿ ಹಿಡಿಯುದು, ಅಂಡರ್‌ಕೋಟಿಂಗಿನ ಟಾರು, ಒಳಗೆ ಸಿಕ್ಕಿದ ಒಣ ಅಡಿಕೆ ಸಿಪ್ಪೆ, ಬೈಹುಲ್ಲು ಸಣ್ಣಕ್ಕೆ ಹೊಗೆಯಾಡ್ತಾ ಇರ್ತದೆ. ಕೊನೇ ಚುಕ್ಕಿ ಹಾಕಿದ ಮೇಲೆ ಒಂದು ಗಂಟೆ ಗಾಡಿ ಬಿಟ್ಟು ಹೋಗ್ಬೇಡಿ.

ಹಂತ 2: ಗಾಡಿ ಮುಟ್ಟುವ ಮೊದ್ಲು ಗುಜರಿ ತಗಡಿನಲ್ಲಿ ಕೈ ಕೂರ್ಸಿ

ಗುಜರಿಯವ್ರ ಹತ್ರ ಹಳೇ ಕಾರಿನ ಬಾಗಿಲೋ ಬೋನೆಟ್ಟೋ ತನ್ನಿ. ಗಾಡಿಯ ತಗಡಿನಷ್ಟೇ ದಪ್ಪ ಇರ್ತದೆ. ಮನೆ ಮಾಡಿಗೆ ಹಾಕುವ ಶೀಟ್ ತರ್ಬೇಡಿ, ಅದ್ರ ಮೇಲೆ ಸತುವಿನ ಲೇಪ ಇರ್ತದೆ. ಸತು 907 ಡಿಗ್ರಿಗೇ ಕುದಿದು ಆವಿ ಆಗ್ತದೆ, ಕಬ್ಬಿಣ ಕರಗ್ಲಿಕ್ಕೆ ಸಾವಿರದ ಐನೂರರ ಹತ್ರ ಬೇಕು, ಹಾಗಾಗಿ ಕಬ್ಬಿಣ ಕರಗುವ ಮೊದ್ಲೇ ಬಿಳಿ ಹೊಗೆ ಏಳ್ತದೆ. ಅದು ಎಳ್ಕೊಂಡ್ರೆ ಅದೇ ದಿನ ರಾತ್ರಿ ಚಳಿ ಜ್ವರ. ಹಾಲು ಕುಡಿದ್ರೆ ತಾಗುದಿಲ್ಲ ಅಂತ ಹಳಬರು ಹೇಳುದು ಸುಳ್ಳು, ಈ ಸತು ಲೇಪದ ಜಿಐ ತಗಡೇ ಬಳಸ್ಬೇಕಾದ್ರೆ ವೆಲ್ಡ್ ಬೀಳುವಲ್ಲಿ ಎರಡೂ ಬದಿ ಒಂದು ಇಂಚು ಲೇಪ ಉಜ್ಜಿ ತೆಗೀರಿ, ಗಾಳಿಗೆ ಬೆನ್ನು ಕೊಟ್ಟೂ ಕೂರ್ಬೇಡಿ, ಗಾಳಿ ಬದಿಯಿಂದ ಬರುವ ಹಾಗೆ ಕೂತ್ಕೊಳ್ಳಿ, ಹೊಗೆ ಮುಖಕ್ಕೆ ಸುತ್ತುದಿಲ್ಲ.

1 ಮಿಲಿಮೀಟರ್ ತಗಡಿಗೆ ಸುಮಾರು 40ರಿಂದ 50 ಆಂಪ್ಸ್, 15ರಿಂದ 17 ವೋಲ್ಟ್ ಇಟ್ಟು ಶುರು ಮಾಡಿ, ಗ್ಯಾಸ್ ನಿಮಿಷಕ್ಕೆ 8ರಿಂದ 12 ಲೀಟರ್. ತಂತಿ ಟಾರ್ಚಿನ ತುದಿಯ ಟಿಪ್ಪಿನಿಂದ 10 ಮಿಲಿಮೀಟರ್ ಹೊರಗೆ ಇರ್ಲಿ. ಇನ್ನು ಕಿವಿ ಕೊಡಿ, ಇದ್ರಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಸೆಟ್ಟಿಂಗ್ ಸರಿ ಇದ್ರೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಒಂದೇ ಸಮ ಚಟಚಟ ಕೇಳ್ತದೆ. ತಂತಿ ತಗಡಿಗೆ ಕುಟ್ಟಿ ಕೈಯನ್ನು ಹಿಂದಕ್ಕೆ ದೂಡಿದ್ರೆ ತಂತಿ ಸ್ಪೀಡ್ ಜಾಸ್ತಿ. ತಂತಿ ಹಿಂದೆ ಹಿಂದೆ ಉರಿದು ಟಿಪ್ಪಿಗೇ ಅಂಟಿದ್ರೆ ಸ್ಪೀಡ್ ಕಮ್ಮಿ. ಚಟಚಟ ಇಲ್ಲದೆ ಬುಸ್ ಅಂತ ದೊಡ್ಡ ದೊಡ್ಡ ಹನಿ ಬಿದ್ರೆ ವೋಲ್ಟ್ ಜಾಸ್ತಿ. ಒಂದು ಸಲಕ್ಕೆ ಒಂದೇ ನಾಬ್ ತಿರುಗ್ಸಿ, ಎರಡೂ ಒಟ್ಟಿಗೆ ತಿರುಗ್ಸಿದ್ರೆ ಯಾವುದ್ರಿಂದ ಎಂತ ಆಯ್ತು ಅಂತ ತಿಳಿಯುದಿಲ್ಲ.

ಎರಡು ತುಂಡು ಅಂಚಿಗೆ ಅಂಚು ಇಟ್ಟು ಮಧ್ಯೆ ತಗಡಿನ ದಪ್ಪದಷ್ಟು ಸಂದು ಬಿಟ್ಟು ಚುಕ್ಕಿ ಹಾಕಿ ನೋಡಿ. ಟ್ರಿಗರ್ ಒತ್ತಿ, ಒಂದು ಸೆಕೆಂಡು, ಬಿಡಿ. ಕೆಂಪು ಹೋಗುವವರೆಗೆ ಕಾಯಿರಿ. ಮತ್ತೆ ಒಂದು. ಆಮೇಲೆ ತಿರುಗಿಸಿ ಹಿಂದಿನ ಬದಿ ನೋಡಿ, ಅಲ್ಲಿಯೂ ಸಣ್ಣ ಉಬ್ಬು ಕಾಣ್ಬೇಕು, ಅದಿಲ್ಲ ಅಂದ್ರೆ ಮೇಲೆ ಚಂದ ಕಂಡದ್ದು ಬರೀ ಅಂಟಿಸಿದ್ದು. ವೈಸಿಗೆ ಸಿಕ್ಕಿಸಿ ಸುತ್ತಿಗೆಯಲ್ಲಿ ಮಡಚಿ, ವೆಲ್ಡ್ ಬಿಟ್ಕೊಂಡ್ರೆ ಇನ್ನೂ ಅಭ್ಯಾಸ ಬೇಕು, ತಗಡು ಹರಿದು ವೆಲ್ಡ್ ಉಳಿದ್ರೆ ಗಾಡಿಗೆ ಹೋಗ್ಬಹುದು. ಇದಕ್ಕೆ ಎಷ್ಟು ದಿನ ಬೇಕು ಅಂತ ಕೇಳ್ಬೇಡಿ, ಆ ಮಡಚುವ ಪರೀಕ್ಷೆ ಪಾಸಾಗುವಷ್ಟು.

ಹಂತ 3: ತುಕ್ಕಿನ ಬೇರು ಹುಡುಕಿ

ಕೆಲಸ ಹಾಳಾಗುದು ಹೆಚ್ಚಾಗಿ ಇಲ್ಲಿ. ಪೈಂಟಿನಲ್ಲಿ ಗುಳ್ಳೆ ಎದ್ದ ಜಾಗ ಮೊದ್ಲು ನೋಡಿ. ಗುಳ್ಳೆಗೆ ಸ್ಕ್ರೂಡ್ರೈವರ್ ತುದಿ ಇಟ್ಟು ಒತ್ತಿ, ಒಳಗೆ ಹೊಕ್ಕಿತೋ ಅಲ್ಲಿ ತಗಡು ಇಲ್ಲ, ಪೈಂಟು ಮಾತ್ರ ಇರುದು. ಸುತ್ತಿಗೆಯಲ್ಲಿ ಮೆಲ್ಲ ತಟ್ಟುತ್ತಾ ಹೋಗಿ, ಗಟ್ಟಿ ತಗಡು ಟಣ್ ಅಂತದೆ, ಹೋದದ್ದು ಡಬ್ ಅಂತದೆ. ಎರಡು ತಗಡು ಒಂದ್ರ ಮೇಲೊಂದು ಕೂತ ಅಂಚು ಉಂಟಲ್ಲ, ಕ್ಯಾಬಿನ್ ಅಡಿ ಮತ್ತೆ ಬದಿ ಸೇರುವಲ್ಲಿ, ಅಲ್ಲಿ ಒಳಗೆ ಹುಟ್ಟಿದ ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಅದು ಎರಡೂ ತಗಡನ್ನು ದೂಡಿ ಮಧ್ಯೆ ಹೊಟ್ಟೆ ಬಂದಿರ್ತದೆ. ಹಾಗೆ ಉಬ್ಬಿದ ಅಂಚು ಕಂಡ್ರೆ ಒಳಗಿನ ತಗಡೂ ಹೋಗಿದೆ ಅಂತಲೇ ತಿಳ್ಕೊಳ್ಳಿ. ಬಾಗಿಲಿನ ಕೆಳಗೆ ನೀರು ಹೋಗುವ ಸಣ್ಣ ತೂತುಗಳು ಮಣ್ಣು ತುಂಬಿ ಕಟ್ಟಿದ್ವಾ ನೋಡಿ, ಬಾಗಿಲು ಕೊಳೆಯುದಕ್ಕೆ ಮುಖ್ಯ ಕಾರಣ ಅದೇ.

ಆಮೇಲೆ ತಂತಿ ಬ್ರಶ್ಶು, ಫ್ಲಾಪ್ ಡಿಸ್ಕ್ ಹಿಡಿದು ಹೊಳೆಯುವ ತಗಡು ಕಾಣುವವರೆಗೆ ಉಜ್ಜಿ, ಉಜ್ಜುವಾಗ ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ ಉಳಿದ ಜಾಗ ಮಾರ್ಕ್ ಮಾಡಿ. ಆ ಚುಕ್ಕೆ ಅಂದ್ರೆ ತುಕ್ಕು ಆಳಕ್ಕೆ ಇಳಿದಿದೆ, ವೆಲ್ಡ್ ತಾಗಿದ ಕೂಡ್ಲೇ ಅಲ್ಲಿ ತೂತು. ಮಾರ್ಕಿನಿಂದ ಇನ್ನೂ ಒಂದು ಇಂಚು ಹೊರಗೆ ಗೆರೆ ಎಳೀರಿ. ಎಣ್ಣೆ ಜಿಡ್ಡು ಇದ್ರೆ ಥಿನ್ನರಲ್ಲಿ ಒರ್ಸಿ ಪೂರ್ತಿ ಒಣಗ್ಲಿಕ್ಕೆ ಬಿಡಿ. ಸ್ಪ್ರೇ ಬ್ರೇಕ್ ಕ್ಲೀನರ್ ಬಳಸ್ಬೇಡಿ, ಅದ್ರಲ್ಲಿ ಕೆಲವಕ್ಕೆ ಕ್ಲೋರಿನ್ ಇರುವ ದ್ರಾವಕ ಹಾಕಿರ್ತಾರೆ, ಆರ್ಕಿನ ಬಿಸಿಗೆ ಅದು ಫೋಸ್ಜೀನ್ ಅನ್ನುವ ವಿಷದ ಗ್ಯಾಸ್ ಆಗ್ತದೆ.

ಹಂತ 4: ಕತ್ತರಿಸುದು, ಪ್ಯಾಚ್ ಮಾಡುದು

ಗ್ರೈಂಡರಿನ ಗಾರ್ಡ್ ತೆಗೆದು ದೊಡ್ಡ ವೀಲ್ ಹಾಕುವ ಬುದ್ಧಿವಂತಿಕೆ ಬೇಡ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಹತ್ರ ತಿರುಗ್ತದೆ, ಆ ಸ್ಪೀಡಿಗೆ ಮಾಡದ ವೀಲ್ ಒಡೆದ್ರೆ ಚೂರು ಎಲ್ಲಿಗೆ ಹೊಕ್ಕುತ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ಕತ್ತರಿಸುವ ಗೆರೆಯ ಹಿಂದೆ ವಯರೋ ಪೈಪೋ ಉಂಟಾ ಅಂತ ಕೆಳಗೆ ಮಲಗಿ ನೋಡಿದ ಮೇಲೆಯೇ ವೀಲ್ ಇಳ್ಸಿ.

ಮೂಲೆಗಳನ್ನು ಚೂಪು ಬಿಡ್ಬೇಡಿ, ಸ್ವಲ್ಪ ಉರುಟು ಮಾಡಿ. ಚೂಪು ಮೂಲೆಯಲ್ಲಿ ಬಿಸಿ ಒಟ್ಟಾಗಿ ತಗಡು ಸೊಟ್ಟ ಆಗ್ತದೆ, ಮುಂದೆ ಕ್ರ್ಯಾಕ್ ಶುರು ಆಗುದೂ ಅಲ್ಲಿಂದ್ಲೇ. ಕತ್ತರಿಸಿದ ಜಾಗಕ್ಕೆ ರಟ್ಟು ಇಟ್ಟು ಅಚ್ಚು ತೆಗೀರಿ, ರಟ್ಟು ಸರಿ ಕೂತ ಮೇಲೆ ಅದ್ರ ಅಳತೆಗೆ ತಗಡು ಕತ್ತರಿಸಿ. ಪ್ಯಾಚಿಗೆ ಸಿಆರ್ ಶೀಟ್ ಕೇಳಿ, ಅಂದ್ರೆ ಲೇಪ ಇಲ್ಲದ ನಯ ತಗಡು, 20 ಗೇಜ್ ಅಂದ್ರೆ ಸುಮಾರು 0.9 ಮಿಲಿಮೀಟರ್, 18 ಗೇಜ್ ಅಂದ್ರೆ 1.2. ಗೇಜ್ ನಂಬರ್ ಏರಿದಷ್ಟು ತಗಡು ಸಪೂರ, ಇದನ್ನು ಉಲ್ಟಾ ತಿಳ್ಕೊಂಡು ತಗೊಂಡು ಬರುವವ್ರು ತುಂಬ ಜನ. ಗಟ್ಟಿ ಇರ್ಲಿ ಅಂತ 2 ಮಿಲಿಮೀಟರ್ ಹಾಕ್ಲಿಕ್ಕೂ ಹೋಗ್ಬೇಡಿ, ದಪ್ಪದ್ದು ಕರಗುವಷ್ಟರಲ್ಲಿ ಪಕ್ಕದ ಸಪೂರದ್ದು ಮಾಯ.

ಪ್ಯಾಚನ್ನು ಹಳೇ ತಗಡಿನ ಮೇಲೆ ಹತ್ತಿಸಿ ಇಡ್ಬೇಕಾ ಅಂಚಿಗೆ ಅಂಚು ಇಡ್ಬೇಕಾ ಅಂತ ಯಾವಾಗ್ಲೂ ಕೇಳ್ತಾರೆ. ಕಾಣುವ ಜಾಗದಲ್ಲಿ ಅಂಚಿಗೆ ಅಂಚು. ಕ್ಯಾಬಿನ್ ಅಡಿಯಂತಹ ಕಡೆ ಅರ್ಧ ಇಂಚು ಹತ್ತಿಸಿ ಇಟ್ರೆ ಕಲಿಯುವವ್ರಿಗೆ ಸುಲಭ, ತೂತು ಬೀಳುದು ಕಮ್ಮಿ, ಆದ್ರೆ ಆ ಎರಡು ತಗಡಿನ ಮಧ್ಯೆ ನೀರು ಹೊಕ್ಕದ ಹಾಗೆ ಆಮೇಲೆ ಸೀಲ್ ಮಾಡ್ಲೇಬೇಕು. ಹೊದ್ದಿಸುವ ಮುಖಗಳಿಗೆ ಮೊದ್ಲೇ ಸತುವಿನ ವೆಲ್ಡ್ ಪ್ರೈಮರ್ ಹೊಡೀರಿ, ಇದು ಹೊಡೆದ ಮೇಲೂ ವೆಲ್ಡ್ ಹಿಡಿಯುವ ಹಾಗೆ ಮಾಡಿದ ಪ್ರೈಮರ್. ವೆಲ್ಡ್ ಬೀಳುವ ಅಂಚಿನಿಂದ ಮಾತ್ರ ಅದನ್ನು ಉಜ್ಜಿ ತೆಗೀರಿ.

ಹಂತ 5: ಚುಕ್ಕಿ ಹಾಕುದು

ಮಧ್ಯಾಹ್ನ ಆದ ಮೇಲೆ ನಮ್ಮಲ್ಲಿ ಕಡಲ ಗಾಳಿ ಜೋರು, ಅಂಗಳದಲ್ಲಿ ಮಿಗ್ ಮಾಡಿದ್ರೆ ಗ್ಯಾಸ್ ಹಾರಿ ಹೋಗಿ ವೆಲ್ಡ್ ತುಂಬ ಸಣ್ಣ ಸಣ್ಣ ತೂತು ಬೀಳ್ತದೆ. ಬೆಳಿಗ್ಗೆ ಮಾಡಿ, ಇಲ್ಲದ್ರೆ ಟರ್ಪಾಲು ಕಟ್ಟಿ. ಟರ್ಪಾಲು ಕಿಡಿ ಹಾರದಷ್ಟು ದೂರ ಇರ್ಲಿ.

ಅರ್ಥ್ ಕ್ಲಾಂಪ್ ಪ್ಯಾಚಿನ ಹತ್ರವೇ ಹಾಕಿ, ಪೈಂಟ್ ಉಜ್ಜಿದ ಜಾಗಕ್ಕೆ. ದೂರ ಚಾಸಿಸ್ಸಿಗೆ ಹಾಕಿದ್ರೆ ಕರೆಂಟು ಬೇರಿಂಗಿನ ಒಳಗಿಂದ ದಾರಿ ಹುಡುಕ್ತದೆ, ಬೇರಿಂಗ್ ಹಾಳು.

ಪ್ಯಾಚನ್ನು ಮ್ಯಾಗ್ನೆಟ್, ಲಾಕ್ ಪ್ಲೇಯರ್ ಹಾಕಿ ಕೂರ್ಸಿ ನಾಲ್ಕು ಬದಿಯ ನಡುವಿಗೆ ಒಂದೊಂದು ಟ್ಯಾಕ್ ಹಾಕಿ, ಟ್ಯಾಕ್ ಅಂದ್ರೆ ಹಿಡ್ಕೊಳ್ಳುವಷ್ಟೇ ಸಣ್ಣ ಚುಕ್ಕಿ. ಒಂದು ಹಾಕಿದ ಮೇಲೆ ಮುಂದಿನದ್ದು ಅದ್ರ ಎದುರು ಬದಿಗೆ. ಪ್ರತಿ ಸಲ ಕೈಯಲ್ಲಿ ಸವರಿ ಎರಡೂ ತಗಡು ಸಮ ಉಂಟಾ ನೋಡಿ, ತಣಿದ ಮೇಲೆ ಸವರುದು ಮತ್ತೆ, ಎತ್ತರ ತಗ್ಗು ಇದ್ರೆ ಸುತ್ತಿಗೆಯಲ್ಲಿ ತಟ್ಟಿ ಸರಿ ಮಾಡ್ಲಿಕ್ಕೆ ಆಗುದು ಈಗ ಮಾತ್ರ. ಆಮೇಲೆ ಇಂಚಿಗೊಂದು ಟ್ಯಾಕ್. ಆಮೇಲೆ ಎರಡು ಟ್ಯಾಕಿನ ನಡುವೆ ಒಂದು, ಅದ್ರ ನಡುವೆ ಇನ್ನೊಂದು, ಹೀಗೆ ಜಾಗ ಬದಲಿಸ್ತಾ ಬದಲಿಸ್ತಾ ಕೊನೆಗೆ ಚುಕ್ಕಿಗಳೆಲ್ಲ ಸೇರಿ ಒಂದೇ ಗೆರೆ ಆಗ್ಬೇಕು. ಉದಾಸೀನ ಬರ್ತದೆ, ಸೀದ ಒಂದು ಗೆರೆ ಎಳೆದು ಮುಗ್ಸುವ ಅಂತ ಅನ್ನಿಸ್ತದೆ ಮಾರಾಯ್ರೇ, ಎಳೆದಿರೋ ಇಡೀ ತಗಡು ಅಲೆ ಅಲೆ ಎದ್ದು ಕೂತ್ಕೊಳ್ತದೆ, ಮತ್ತೆ ಅದನ್ನು ಚಪ್ಪಟೆ ಮಾಡ್ಲಿಕ್ಕೆ ಹಳೇ ಟಿಂಕರಿಂಗ್‌ನವ್ರಿಂದ್ಲೂ ಕಷ್ಟ. ಬೇಗ ತಣೀಲಿ ಅಂತ ನೀರು ಹೊಯ್ಯುದೂ ಬೇಡ.

ತೂತು ಬಿತ್ತಾ? ಬೀಳ್ತದೆ. ಅಲ್ಲಿಗೇ ಮತ್ತೆ ಮತ್ತೆ ಟ್ರಿಗರ್ ಒತ್ತಿದ್ರೆ ತೂತು ದೊಡ್ಡದಾಗುದು ಬಿಟ್ರೆ ಬೇರೆ ಎಂತ ಇಲ್ಲ. ತಣೀಲಿಕ್ಕೆ ಬಿಡಿ, ಆ ಚಪ್ಪಟೆ ಮಾಡಿದ ತಾಮ್ರ ಹಿಂದಿನಿಂದ ಒತ್ತಿ ಹಿಡೀರಿ, ತೂತಿನ ಅಂಚಿಂದ ಒಳಗೆ ಚುಕ್ಕಿ ಹಾಕುತ್ತಾ ಬನ್ನಿ. ತಾಮ್ರಕ್ಕೆ ಕಬ್ಬಿಣ ಅಂಟುದಿಲ್ಲ, ಬಿಸಿಯನ್ನೂ ಎಳ್ಕೊಳ್ತದೆ. ತಾಮ್ರ ಇಟ್ಟೂ ಮತ್ತೆ ಮತ್ತೆ ತೂತು ಬಿದ್ರೆ ಅರ್ಥ ಒಂದೇ, ನೀವು ಕತ್ತರಿಸಿದ್ದು ಸಾಲದು, ಅಲ್ಲಿ ಇನ್ನೂ ತುಕ್ಕು ಉಂಟು, ಹಂತ 3ಕ್ಕೆ ವಾಪಸ್ ಹೋಗಿ.

ಹತ್ತಿಸಿ ಇಟ್ಟ ಪ್ಯಾಚಿಗೆ ಪ್ಲಗ್ ವೆಲ್ಡ್ ಹಾಕ್ಬಹುದು, ಮೇಲಿನ ತಗಡಿಗೆ 6ರಿಂದ 8 ಮಿಲಿಮೀಟರ್ ತೂತು ಕೊರೆದು ಆ ತೂತಿನ ಒಳಗೆ ಕೆಳಗಿನ ತಗಡಿನಿಂದ ಶುರು ಮಾಡಿ ತುಂಬ್ಸುದು. ಕಂಪೆನಿಯವ್ರು ಸ್ಪಾಟ್ ವೆಲ್ಡ್ ಹಾಕಿದ ಕಡೆಗೆಲ್ಲ ಇದೇ ಬದಲಿ.

ಹಂತ 6: ಗ್ರೈಂಡಿಂಗ್

ಫ್ಲಾಪ್ ಡಿಸ್ಕ್ ಸಾಕು. ಉಬ್ಬು ಮಾತ್ರ ತೆಗೀರಿ, ಕನ್ನಡಿ ಮಾಡ್ಲಿಕ್ಕೆ ಹೋದ್ರೆ ತಗಡು ಕಾಗದ ಆಗ್ತದೆ. ತಗಡು ನೀಲಿ ಬಣ್ಣಕ್ಕೆ ತಿರುಗಿದ್ರೆ ಕೈ ಎತ್ತಿ. ಆಮೇಲೆ ಹಿಂದಿನಿಂದ ಟಾರ್ಚ್ ಲೈಟ್ ಬಿಟ್ಟು ನೋಡಿ, ಬೆಳಕು ಕಂಡಲ್ಲಿ ಇನ್ನೊಂದು ಚುಕ್ಕಿ.

ಹಂತ 7: ಮುಚ್ಚುದು

ಗ್ರೈಂಡ್ ಮಾಡಿದ ಬರೀ ಕಬ್ಬಿಣ ನಮ್ಮ ಗಾಳಿಗೆ ಒಂದೇ ರಾತ್ರಿಗೆ ಕೆಂಪಾಗ್ತದೆ, ಹಾಗಾಗಿ ವೆಲ್ಡ್ ಮಾಡಿದ ದಿನವೇ ಪ್ರೈಮರ್ ಹೋಗ್ಬೇಕು. ಎಪಾಕ್ಸಿ ಪ್ರೈಮರ್ ಒಳ್ಳೇದು, ಕಾಣದ ಅಡಿ ಭಾಗಕ್ಕೆ ರೆಡ್ ಆಕ್ಸೈಡ್ ಆದ್ರೂ ನಡೀತದೆ. ಮಳೆ ದಿನ, ಮಂಜು ಬಿದ್ದ ಬೆಳಿಗ್ಗೆ ಪೈಂಟ್ ಬೇಡ, ತಗಡಿನ ಮೇಲೆ ಕಾಣದ ತೇವ ಇರ್ತದೆ.

ಪುಟ್ಟಿಯ ಬಗ್ಗೆ ಒಂದು ಮಾತು. ಗುಂಡಿ ಸಮ ಮಾಡ್ಲಿಕ್ಕೆ ತೆಳು ಪುಟ್ಟಿ ಸರಿ, ತೂತು ಮುಚ್ಲಿಕ್ಕೆ ಪುಟ್ಟಿ ಅಲ್ಲ. ಅದು ತೇವ ಎಳ್ಕೊಳ್ತದೆ, ಬರುವ ಮಳೆಗಾಲಕ್ಕೆ ತುಕ್ಕು ಸಮೇತ ಹೊರಗೆ ಬರ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ಮ್ಯಾಗ್ನೆಟ್ ಕಿಸೆಯಲ್ಲಿ ಇಟ್ಕೊಂಡು ಹೋಗುದು ಇದಕ್ಕೇ, ಪುಟ್ಟಿ ತುಂಬಿಸಿದಲ್ಲಿ ಅದು ಹಿಡಿಯುದಿಲ್ಲ.

ಎಲ್ಲ ಜಾಯಿಂಟಿಗೂ ಸೀಮ್ ಸೀಲರ್ ಎಳೀರಿ, ಇದು ಒಣಗಿದ ಮೇಲೂ ರಬ್ಬರಿನ ಗುಣ ಇರುವ ಪೇಸ್ಟು, ಗಾಡಿ ಅದುರಿದ್ರೂ ಬಿರುಕು ಬಿಡುದಿಲ್ಲ. ಬಾಗಿಲಿನ ಹೊಟ್ಟೆ, ಬಾಕ್ಸ್ ಸೆಕ್ಷನ್ ಅಂತಹ ಬ್ರಶ್ ಹೋಗದ ಕಡೆ ವೆಲ್ಡ್ ಆದ ಮೇಲೆ ಒಳಗಿನ ಪೈಂಟ್ ಸುಟ್ಟಿರ್ತದೆ, ಮತ್ತೆ ತುಕ್ಕು ಶುರು ಆಗುದು ಆ ಒಳ ಬದಿಯಿಂದ್ಲೇ, ಅಲ್ಲಿಗೆ ಉದ್ದ ನಳಿಗೆಯ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ಬಿಡಿ. ಕೆಲವ್ರು ಸುಟ್ಟ ಇಂಜಿನ್ ಆಯಿಲ್ ಹೊಯ್ತಾರೆ, ತುಕ್ಕೇನೋ ತಡೀಬಹುದು, ಆದ್ರೆ ಮುಂದೆ ಯಾವತ್ತಾದ್ರೂ ಅಲ್ಲಿ ವೆಲ್ಡ್ ಹಾಕುವವ್ನಿಗೆ ಬೆಂಕಿ ಗ್ಯಾರಂಟಿ.

ಸೀಲರ್ ಒಣಗಿದ ಮೇಲೆ ಸೀಟ್, ಮ್ಯಾಟ್ ಹಾಕುವ ಮೊದ್ಲು ಒಬ್ರನ್ನು ಕ್ಯಾಬಿನ್ ಒಳಗೆ ಟಾರ್ಚ್ ಲೈಟ್ ಕೊಟ್ಟು ಕೂರ್ಸಿ, ಹೊರಗಿಂದ ಪೈಪಿನಲ್ಲಿ ನೀರು ಬಿಡಿ, ಕೆಳಗಿಂದ ಮೇಲಕ್ಕೆ ಬನ್ನಿ, ಮೇಲಿಂದ ಶುರು ಮಾಡಿದ್ರೆ ಎಲ್ಲಿಂದ ಇಳೀತು ಅಂತ ಗೊತ್ತಾಗುದಿಲ್ಲ. ಹನಿ ಕಂಡಲ್ಲಿ ಚಾಕ್ ಹಾಕಿ, ಒಣಗ್ಸಿ, ಅಲ್ಲಿಗೆ ಇನ್ನೊಂದು ಸುತ್ತು ಸೀಲರ್. ಬ್ಯಾಟರಿ ವಾಪಸ್ ಹಾಕುದು ಅದಾದ ಮೇಲೆ.